ಒಂಬತ್ತನೆಯ ಕಾರ್ಡಿನ ನಾಲ್ಕು ಹಲ್ಲು

೨೦೨೫ರ ಜುಲೈ ೩೦, ಬುಧವಾರ. ಆಧಾರ: ನನ್ನ ದಿನಚರಿ, ಮತ್ತು ಅದನ್ನು ತಾಳೆ ನೋಡಲು ಅಡುಗೆಮನೆಯ ಗೋಡೆಗೆ ತೂಗುಹಾಕಿದ ಪಂಚಾಂಗ. ಹಿಂದಿನ ದಿನ ಮಂಗಳವಾರ ನಾಗರ ಪಂಚಮಿ. ಹಬ್ಬಕ್ಕೆಂದು ಸಿರುಗುಪ್ಪದಿಂದ ಆದೋನಿಯ ನನ್ನ ಮನೆಗೆ ಬಂದಿದ್ದ ತಂಗಿ ಪಾರ್ವತಿ ಶೇಂಗಾದ ಉಂಡಿ ಕಡಿಯಲು ಹೋಗಿ ತನ್ನ ಮೇಲಿನ ಕಟ್ಟುಹಲ್ಲಿನ ಪ್ಲೇಟನ್ನು ಎರಡು ಹೋಳು ಮಾಡಿಕೊಂಡದ್ದು ಹಬ್ಬದ ದಿನವೇ. ಆದ್ದರಿಂದ ನಾವಿಬ್ಬರೂ ಅದನ್ನು ದುರಸ್ತಿಗೆ ಒಯ್ದದ್ದು ಬುಧವಾರ ಎಂಬುದರಲ್ಲಿ ಸಂಶಯವಿಲ್ಲ.

ಒಯ್ದದ್ದು ಖಾಜಾ ಹುಸೇನರ ಬಳಿಗೆ. ಕಟ್ಟುಹಲ್ಲು ಮಾಡುವುದರಲ್ಲಿ ನಲವತ್ತು ವರ್ಷ ಸವೆಸಿದ ಕೈ ಅವರದು. ಗುಲಾಬಿ ಬಣ್ಣದ ಪುಡಿಗೆ ದ್ರವ ಹನಿಸಿ ಅವರು ಕಲಸತೊಡಗಿದಾಗ ಆ ವಾಸನೆ ಎದ್ದಿತು. ಮಾಗಿದ ಹಣ್ಣಿನಂತೆ ಸಿಹಿ, ಸೀಮೆಎಣ್ಣೆಯಂತೆ ಗಂಟಲನ್ನು ಕೆರೆಯುವಂಥದು. ಆರು ವರ್ಷಗಳ ಹಿಂದೆ, ೨೦೧೯ರ ಮಳೆಗಾಲದಲ್ಲಿ, ಇದೇ ವಾಸನೆಯ ನಡುವೆ ಕುಳಿತು ನಾನು ಒಬ್ಬ ಮನುಷ್ಯನ ಮೇಲೆ ಹಗೆ ತೀರಿಸಿಕೊಂಡಿದ್ದೆ. ಅದನ್ನು ಸಂಶೋಧನೆ ಎಂದು ಕರೆದೆ. ಅದು ಸಂಶೋಧನೆಯೂ ಆಗಿತ್ತು ಎಂಬುದೇ ಅದರ ಸೊಗಸು. ಆ ಮಳೆಗಾಲವನ್ನು ಮೊದಲು ನನಗೆ ನೆನಪಿದ್ದಂತೆ ಬರೆಯುತ್ತೇನೆ. ತಾಳೆ ನೋಡಿದ್ದು ಆಮೇಲೆ.

ಹಗೆಯ ಮೂಲ ಇನ್ನೂ ಹಿಂದಿನದು. ನಾವು ಅಕ್ಕತಂಗಿಯರಿಬ್ಬರೂ ಬೇರೆ ಬೇರೆ ನೀರು ಕುಡಿದು ಬೆಳೆದವರು. ನಮ್ಮ ತಂದೆಯವರದು ಆದೋನಿಯಲ್ಲಿ ಹತ್ತಿಯ ವ್ಯಾಪಾರ. ನಾನು ಅವರ ಜೊತೆ ಪೇಟೆಯ ಮನೆಯಲ್ಲಿದ್ದು ತುಂಗಭದ್ರೆಯ ಕಾಲುವೆ ನೀರು ಕುಡಿದೆ. ನನಗಿಂತ ನಾಲ್ಕು ವರ್ಷ ಚಿಕ್ಕವಳಾದ ಪಾರ್ವತಿಯನ್ನು ಹಾಲು ಬಿಟ್ಟ ಮೇಲೆ ನಮ್ಮ ತಾಯಿಯ ತಾಯಿ ಪೆದ್ದಕಡುಬೂರಿಗೆ ಒಯ್ದಳು. ಅಲ್ಲಿ ಆಕೆ ಬೋರಿಂಗಿನ ನೀರು ಕುಡಿದಳು. ಭೂಮಿಯ ಆಳದ ಆ ನೀರಿನಲ್ಲಿರುವ ಫ್ಲೋರೈಡು ಮೊಳೆಯುವ ಹಲ್ಲಿನ ಮೇಲೆ ಕಂದು ಬಣ್ಣದ ಕಲೆಗಳನ್ನು ಬರೆಯುತ್ತದೆ. ಕಲೆ ಬಿದ್ದ ಹಲ್ಲು ಕೆಟ್ಟ ಹಲ್ಲಲ್ಲ. ಗಟ್ಟಿಯಾಗಿಯೇ ಇರುತ್ತದೆ, ನೋವೂ ಇರುವುದಿಲ್ಲ. ಆದರೆ ನಮ್ಮ ಸೀಮೆಯಲ್ಲಿ ಕಂದಾದದ್ದೆಲ್ಲ ಹುಳುಕು. ತೆಲುಗಿನವರು ಪಿಪ್ಪಿಪನ್ನು ಎನ್ನುತ್ತಾರೆ, ನಮ್ಮವರು ಹುಳ ತಿಂದೈತಿ ಎನ್ನುತ್ತಾರೆ. ಹೆಣ್ಣು ನೋಡಲು ಬಂದವರು ಏನೂ ಅನ್ನದೆ ಎದ್ದು ಹೋಗುತ್ತಾರೆ.

೧೯೮೭ರ ಬೇಸಿಗೆಯಲ್ಲಿ ನಾನು ದಂತವೈದ್ಯಕೀಯದ ಕೊನೆಯ ವರ್ಷದಲ್ಲಿದ್ದೆ. ಮೇ ಹತ್ತರ ಭಾನುವಾರ ಪಾರ್ವತಿಯ ಮದುವೆ. ನಾಲ್ಕು ದಿನ ಮುಂಚೆ ಊರಿಗೆ ಬಂದಾಗ ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನನ್ನೆದುರು ನಿಂತಿದ್ದಳು. ಸೆರಗು ಸರಿಸಿದೆ. ಮೇಲಿನ ಮುಂದಿನ ನಾಲ್ಕು ಹಲ್ಲುಗಳ ಜಾಗದಲ್ಲಿ ಸುಣ್ಣದಷ್ಟು ಬಿಳಿಯಾದ ನಾಲ್ಕು ಕಟ್ಟುಹಲ್ಲುಗಳು ಒಂದು ಗುಲಾಬಿ ಪ್ಲೇಟಿನ ಮೇಲೆ ಕುಳಿತಿದ್ದವು.

"ಯಾರು ಕಿತ್ತಾರ?" ಎಂದು ಅಜ್ಜಿಯನ್ನು ಕೇಳಿದೆ.

"ಪೇಟ್ಯಾಗ ಹೊಸಾ ಡಾಕ್ಟ್ರು ಬಂದಾರಲ್ಲ, ಪಂಚಾಕ್ಷರಯ್ಯ. ನೋಡಾಕ ಬರ್ತಾರಂತ ನಾನೇ ಕರಕೊಂಡು ಹೋಗಿದ್ದೆ. ಹುಳುಕಂದ್ರು, ಒಂದ ದಿನದಾಗ ನಾಲ್ಕೂ ಕಿತ್ತು ಹಾಕಿದ್ರು. ಛಲೋ ಆತಿಲ್ಲ ಈಗ?"

ಅಜ್ಜಿ ಕುಂಕುಮದ ಭರಣಿಯ ಮುಚ್ಚಳ ತೆಗೆದು ಆ ನಾಲ್ಕು ಹಲ್ಲುಗಳನ್ನು ನನ್ನ ಅಂಗೈಗೆ ಸುರಿದಳು. ಹಾಲುಹಲ್ಲಾಗಿದ್ದರೆ ಸಗಣಿಯ ಉಂಡೆಯಲ್ಲಿಟ್ಟು ಮಾಳಿಗೆಯ ಮೇಲೆ ಎಸೆಯುವುದು ವಾಡಿಕೆ. ಇವು ಮತ್ತೆ ಹುಟ್ಟುವಂಥವಲ್ಲ ಎಂದು ಇಟ್ಟುಕೊಂಡಿದ್ದಳು. ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದನ್ನೂ ತಿರುಗಿಸಿ ನೋಡಿದೆ. ಕಲೆ ಇತ್ತು. ಹುಳುಕು ಎಳ್ಳಷ್ಟೂ ಇರಲಿಲ್ಲ.

ಮುಂದಿನ ಮೂವತ್ತೆರಡು ವರ್ಷ ನಾನು ಬೇರೆ ಬೇರೆ ಊರುಗಳಲ್ಲಿ ಪಾಠ ಹೇಳಿದೆ. ನನ್ನ ಸಂಶೋಧನೆಯ ವಿಷಯ ಯಾವಾಗಲೂ ಒಂದೇ: ಹುಳುಕು ಹಲ್ಲನ್ನು ಕಂಡಾಗ ದಂತವೈದ್ಯರು ಏನು ಮಾಡುತ್ತಾರೆ, ಅದನ್ನೇ ಏಕೆ ಮಾಡುತ್ತಾರೆ. ಕಾದು ನೋಡುವವರು ಯಾರು, ಕೊರೆದು ತುಂಬುವವರು ಯಾರು, ಕೀಳುವವರು ಯಾರು, ಅವರ ಕೈಯನ್ನು ನಡೆಸುವುದು ಕಲಿತ ವಿದ್ಯೆಯೋ ಮತ್ತೇನೋ. ಈ ವಿಷಯ ಹೇಗೆ ಹೊಳೆಯಿತು ಎಂದು ವಿದ್ಯಾರ್ಥಿಗಳು ಕೇಳಿದಾಗಲೆಲ್ಲ ಯಾವುದೋ ಗ್ರಂಥದ ಹೆಸರು ಹೇಳುತ್ತಿದ್ದೆ. ಅಲ್ಲ. ಒಂದು ಕುಂಕುಮದ ಭರಣಿಯಿಂದ ಹೊಳೆದದ್ದು.

೨೦೧೯ರಲ್ಲಿ ಆದೋನಿಯ ಸುತ್ತಣ ದಂತವೈದ್ಯರನ್ನು ಅಧ್ಯಯನ ಮಾಡಲು ನನಗೆ ಅವಕಾಶ ದೊರೆಯಿತು. ಜುಲೈ ಎಂಟು, ಸೋಮವಾರ ಕೆಲಸ ಆರಂಭ ಎಂದು ಮೂರನೆಯ ಟಿಪ್ಪಣಿ ಪುಸ್ತಕ ಹೇಳುತ್ತದೆ. ವಿಧಾನ ಸರಳ. ಹನ್ನೆರಡು ಕಾರ್ಡು. ಪ್ರತಿಯೊಂದರಲ್ಲೂ ಹಲ್ಲಿನ ಒಂದು ಚಿತ್ರ, ಒಂದು ಎಕ್ಸ್‌ರೇ, ರೋಗಿಯ ವಯಸ್ಸು, ನೋವು ಇದೆಯೇ ಇಲ್ಲವೇ ಎಂಬ ಎರಡು ಸಾಲು. ವೈದ್ಯರು ನೋಡಿ, ಸುಮ್ಮನೆ ಬಿಡುವುದೋ, ಕೊರೆದು ತುಂಬುವುದೋ, ಬೇರಿನ ಚಿಕಿತ್ಸೆಯೋ, ಕೀಳುವುದೋ ಎಂದು ಗುರುತು ಹಾಕಬೇಕು. ಆಮೇಲೆ ಅವರ ಅನುಮತಿಯಿಂದ ಒಂದಿಡೀ ದಿನ ಅವರ ಕ್ಲಿನಿಕ್ಕಿನ ಮೂಲೆಯಲ್ಲಿ ಕುಳಿತು, ನಿಜವಾಗಿ ಏನು ಮಾಡುತ್ತಾರೆಂದು ನಾನು ಬರೆದುಕೊಳ್ಳುವುದು. ಮೊದಲನೆಯದನ್ನು ಮಾತಿನ ಹಾಳೆ ಎಂದೂ ಎರಡನೆಯದನ್ನು ಕೈಯ ಹಾಳೆ ಎಂದೂ ಕರೆದುಕೊಂಡಿದ್ದೆ.

ಹನ್ನೊಂದು ಕಾರ್ಡುಗಳ ಚಿತ್ರಗಳು ಕಾಲೇಜಿನ ಸಂಗ್ರಹದಿಂದ ಬಂದವು. ಒಂಬತ್ತನೆಯದು ನನ್ನದು. ಪಾರ್ವತಿಯ ನಾಲ್ಕು ಹಲ್ಲುಗಳನ್ನು ಪ್ಲಾಸ್ಟರಿನ ಕಮಾನಿನಲ್ಲಿ ಬಾಯಿಯೊಳಗಿದ್ದ ಸಾಲಿನಲ್ಲೇ ನೆಟ್ಟು, ಚಿತ್ರ ತೆಗೆದು, ಎಕ್ಸ್‌ರೇ ಮಾಡಿ, ಕೆಳಗೆ ಬರೆದೆ: ಹೆಣ್ಣು, ಹತ್ತೊಂಬತ್ತು ವರ್ಷ, ನೋವಿಲ್ಲ. ಇದನ್ನು ಯಾರಿಗೂ ಹೇಳಲಿಲ್ಲ. ಕಿತ್ತ ಹಲ್ಲುಗಳನ್ನು ನೆಟ್ಟು ಅಧ್ಯಯನಕ್ಕೆ ಬಳಸುವುದರಲ್ಲಿ ತಪ್ಪಿಲ್ಲ. ತಪ್ಪು ಇದ್ದದ್ದು ನನ್ನ ಉದ್ದೇಶದಲ್ಲಿ. ಪಂಚಾಕ್ಷರಯ್ಯ ಆ ಕಾರ್ಡಿಗೆ ಕೀಳಬೇಕು ಎಂದು ಬರೆದರೆ ಮೂವತ್ತೆರಡು ವರ್ಷಗಳಲ್ಲಿ ಏನನ್ನೂ ಕಲಿಯದ ಮೂಢ. ಬಿಡಬೇಕು ಎಂದು ಬರೆದರೆ ತನ್ನ ಕೈಬರಹದಲ್ಲೇ ಅಪರಾಧಿ. ಅಡಕತ್ತರಿಗೆ ಸಿಕ್ಕ ಅಡಿಕೆ ಎತ್ತ ಹೊರಳಿದರೇನು?

ಆದರೆ ನೇರವಾಗಿ ಅವರಲ್ಲಿಗೆ ಹೋಗಲಿಲ್ಲ. ಮೊದಲು ಉಳಿದವರು. ಜುಲೈ ತಿಂಗಳೆಲ್ಲ ಬಸ್ಸು, ಶೇರ್ ಆಟೋ, ಮತ್ತು ಹತ್ತಿ ಹೊಲಗಳಲ್ಲಿ ಕಳೆ ಕೀಳುವ ಹೆಂಗಸರ ಬಾಗಿದ ಬೆನ್ನುಗಳ ಸಾಲು. ಮಾಧವರಂವರೆಗೂ ಹೋದೆ. ಅಲ್ಲಿ ತುಂಗಭದ್ರೆಯ ಸೇತುವೆ ದಾಟಿ ಕರ್ನಾಟಕದ ಕಡೆಯ ರೋಗಿಗಳೂ ಬರುತ್ತಿದ್ದರು. ಮಳೆ ಬಂದಿತ್ತೆಂದು ನೆನಪು. ಟಿಪ್ಪಣಿಯಲ್ಲಿ ಹೆಚ್ಚಿನ ದಿನಗಳಿಗೆ 'ಮೋಡ, ಗಾಳಿ, ಹನಿ ಇಲ್ಲ' ಎಂದೇ ಇದೆ.

ಮಾತಿನ ಹಾಳೆಯಲ್ಲಿ ಎಲ್ಲರೂ ಜಾಣರು. ಸಣ್ಣ ಹುಳುಕಿಗೆ ಕಾಯುತ್ತೇವೆ, ಕಲೆಯನ್ನು ಮುಟ್ಟುವುದಿಲ್ಲ. ಕೈಯ ಹಾಳೆಯ ಕಥೆಯೇ ಬೇರೆ. ಚಿಪ್ಪಗಿರಿಯಿಂದ ಬಂದ ಕೂಲಿಯ ಹೆಂಗಸೊಬ್ಬಳ ದವಡೆ ಹಲ್ಲಿನಲ್ಲಿ ಸಾಸಿವೆಯಷ್ಟು ಹುಳುಕಿತ್ತು. ಬೆಳಿಗ್ಗೆ ತಾನೇ ಅಂಥದ್ದೇ ಕಾರ್ಡಿಗೆ 'ಆರು ತಿಂಗಳು ಕಾಯಬೇಕು' ಎಂದು ಬರೆದಿದ್ದ ಯುವ ವೈದ್ಯೆ ಅದನ್ನು ಕೂಡಲೇ ಕೊರೆದು ತುಂಬಿದಳು. ಏಕೆಂದು ಕೇಳಿದೆ.

"ಮೇಡಂ, ಆಕಿ ಕೂಲಿ ಬಿಟ್ಟು ಎರಡು ಆಟೋ ಹತ್ತಿ ಬಂದಾಳ. ಆರು ತಿಂಗಳಿಗೆ ಬಾ ಅಂದ್ರ ಬರ್ತಾಳೇನ್ರಿ? ಬಂದ್ರ ಕೀಳಿಸಾಕ ಬರ್ತಾಳ. ನಿಮ್ಮ ಕಾರ್ಡಿನ್ಯಾಗ ಆಟೋ ಎಲ್ಲೈತಿ?"

ಅದು ಸರಿಯಾದ ಮಾತು. ಬರೆದುಕೊಂಡೆ. ಆದರೆ ನನಗೆ ಬೇಕಾದ ಮಾತು ಅದಾಗಿರಲಿಲ್ಲ.

ಬೇಕಾದದ್ದು ಇನ್ನೊಂದು ಕ್ಲಿನಿಕ್ಕಿನಲ್ಲಿ ಸಿಕ್ಕಿತು. ಪೆದ್ದಕಡುಬೂರಿನ ಕಡೆಯ ಕುರಿಗಾರರೊಬ್ಬರು ಹೆಗಲ ಮೇಲಿನ ಕಂಬಳಿಯ ಸಮೇತ ಒಳಗೆ ಬಂದು, ಸೋದರ ಸೊಸೆಯನ್ನು ಕುರ್ಚಿಯ ಮೇಲೆ ಕೂರಿಸಿ, ತಾವು ಪಕ್ಕದಲ್ಲೇ ನಿಂತರು.

"ಬರೋ ಗುರುವಾರ ನೋಡಾಕ ಬರ್ತಾರ್ರಿ ಡಾಕ್ಟ್ರ. ಪಿಪ್ಪಿಪನ್ನು ಅಂತ ಹೆಸರಿಟ್ಟು ಹೋಗಿಬಿಡ್ತಾರ. ತೆಲ್ಲಗಾ, ಬೆಳ್ಳಗ ಮಾಡಿಬಿಡ್ರಿ."

"ಮಾವಾ, ಇದು ಹುಳುಕಲ್ಲ. ಕಲೆ."

"ನೀವು ನನಗ ಹೇಳ್ತೀರಿ. ಬಂದೋರಿಗೆ ಯಾರು ಹೇಳ್ತಾರ? ನೀವು ಬಂದು ಕುಂದ್ರತೀರೇನು ನಮ್ಮ ಮನ್ಯಾಗ, ಚಾಪಿ ಮ್ಯಾಲೆ?"

ಎಲ್ಲರೂ ನಕ್ಕರು. ಕುರ್ಚಿಯಲ್ಲಿದ್ದ ಹುಡುಗಿಯೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ವೈದ್ಯರು ನನ್ನ ಕಡೆ ಒಮ್ಮೆ ನೋಡಿ, ಕಣ್ಣು ತಪ್ಪಿಸಿ, ಗಟ್ಟಿಮುಟ್ಟಾದ ಹಲ್ಲನ್ನು ಕೊರೆದು ಬಿಳಿಯದನ್ನು ಬಳಿದರು. ಅಂದಿನ ಹಾಳೆಯ ಅಂಚಿನಲ್ಲಿ ನಾನು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ: 'ಕೈಯನ್ನು ನಡೆಸುವುದು ಪಕ್ಕದಲ್ಲಿ ನಿಂತವರು.' ಆ ದಿನದಿಂದ ಪ್ರತಿ ರೋಗಿಯ ಜೊತೆ ಯಾರು ಬಂದರು, ಮನೆಯಲ್ಲಿ ಮದುವೆಯ ಮಾತಿದೆಯೇ ಎಂದು ಕೇಳಿ ಬರೆಯತೊಡಗಿದೆ. ಆಟೋದ ಬಗ್ಗೆ ಕೇಳಲಿಲ್ಲ. ಪಾರ್ವತಿಯ ಬಾಯಿಯನ್ನು ಅಜ್ಜಿಯ ಭಯ ಮತ್ತು ಪಂಚಾಕ್ಷರಯ್ಯನವರ ಇಕ್ಕಳ ಸೇರಿ ಬರಿದು ಮಾಡಿದವು ಎಂಬುದು ನನಗೆ ಮೊದಲೇ ಗೊತ್ತಿತ್ತು. ಸಾಕ್ಷಿಗಳು ಮಾತ್ರ ಈಗ ಒಬ್ಬೊಬ್ಬರಾಗಿ ಬಂದು ನಿಲ್ಲುತ್ತಿದ್ದರು.

ಆಗಸ್ಟ್ ಹದಿನಾಲ್ಕು, ಬುಧವಾರ, ಬೆಳಿಗ್ಗೆ ಹತ್ತಕ್ಕೆ ಪಂಚಾಕ್ಷರಯ್ಯನವರ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದೆ. ತಗಡಿನ ಮೇಲೆ ಮಳೆ ಬಡಿಯುತ್ತಿತ್ತು ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಟಿಪ್ಪಣಿ 'ಬಿಸಿಲು' ಎನ್ನುತ್ತದೆ. ಒಳಗಿನ ಕೋಣೆಯಲ್ಲಿ, ಆಗ ಅವರ ಬಳಿ ಕೆಲಸಕ್ಕಿದ್ದ ಖಾಜಾ ಹುಸೇನರು ಯಾರದೋ ಹಲ್ಲಿನ ಸೆಟ್ಟಿಗೆ ಗುಲಾಬಿ ಹಿಟ್ಟು ಕಲಸುತ್ತಿದ್ದರು. ಆ ವಾಸನೆ ಇಡೀ ಕ್ಲಿನಿಕ್ಕಿಗೆ ಹಬ್ಬಿತ್ತು. ವೈದ್ಯರು ಅರವತ್ತು ದಾಟಿದವರು. ಹಣೆಯಲ್ಲಿ ವಿಭೂತಿ, ಕೊರಳಿಗೆ ತೂಗುಬಿಟ್ಟ ಕನ್ನಡಕ.

"ಬರ್ರಿ ಗಿರಿಜಮ್ಮಾರ. ಎಲ್ಲಾರನ್ನೂ ಪರೀಕ್ಷೆ ಮಾಡಿದ್ರಂತ, ನಮ್ಮನ್ನ ಕಡೀಕ ಇಟ್ಟೀರಿ. ಹಿಂದಿನ ಬೆಂಚಿನವರು ಅಂತೇನು?"

"ಮುಂದಿನ ಬೆಂಚಿನವರು ಅಂತ," ಎಂದೆ.

ಮೊದಲ ಎಂಟು ಕಾರ್ಡುಗಳನ್ನು ಅವರು ಬೇಗಬೇಗನೆ ಮುಗಿಸಿದರು. ಒಂಬತ್ತನೆಯದನ್ನು ಕೈಗೆತ್ತಿಕೊಂಡು ಕನ್ನಡಕ ಏರಿಸಿಕೊಂಡರು. ಎದ್ದು ಕಿಟಕಿಯ ಬಳಿ ಹೋದರು. ಬಹಳ ಹೊತ್ತು ನೋಡಿದರು.

"ಇದು ಹುಳುಕಲ್ರಿ. ಬೋರಿಂಗ್ ನೀರಿನ ಕಲೆ. ಪೆದ್ದಕಡುಬೂರು ಕಡೀದಿರಬೇಕು."

"ಏನ್ ಮಾಡ್ತೀರಿ?"

"ಏನೂ ಮಾಡಂಗಿಲ್ಲ. ಮುಟ್ಟಬಾರ್ದು."

"ಬರೀರಿ."

ಬರೆದರು. ಸಹಿ ಹಾಕಿದರು. ಶಾಯಿ ಆರುವವರೆಗೆ ಕಾದು ಹಾಳೆಯನ್ನು ಎಳೆದುಕೊಂಡು ಮಡಿಸಿ ಚೀಲದೊಳಗಿಟ್ಟೆ. ಆಮೇಲೆ ಹೇಳಿದೆ: "ಇವು ನೀವು ನೋಡಿದ ಹಲ್ಲೇ ಡಾಕ್ಟ್ರ. ನಮ್ಮ ಪಾರೂನವು. ಎಂಬತ್ತೇಳರಾಗ ನೀವು ಕಿತ್ತಿದ್ದು."

ಅವರು ಕನ್ನಡಕ ಇಳಿಸಿದರು. ಮುಖ ಬಿಳಿಚಿಕೊಳ್ಳುವುದನ್ನು ನೋಡಲೆಂದು ಮೂವತ್ತೆರಡು ವರ್ಷ ಕಾದಿದ್ದೆ. ಬಿಳಿಚಿಕೊಳ್ಳಲಿಲ್ಲ.

"ಆಕಿ ಹೆಂಗ ಅದಾಳ? ಪ್ಲೇಟ್ ಸರಿಯಾಗಿ ಕುಂತೈತಿಲ್ಲ?"

ಆ ಪ್ರಶ್ನೆ ನನಗೆ ಉದ್ಧಟತನವಾಗಿ ಕಂಡಿತು. "ಹಲ್ಲಿಲ್ಲದಾಕಿ ಹೆಂಗ ಇರಬೇಕೋ ಹಂಗ ಅದಾಳ."

"ಹಂಗಾದ್ರ ನೀವು ಸರ್ವೇಕ ಬಂದಿಲ್ಲ. ನನ್ನ ಸಲುವಾಗಿ ಬಂದೀರಿ."

"ಎರಡಕ್ಕೂ."

"ಮಾರ್ಕ್ಸ್ ಎಷ್ಟು ಬಂದ್ವು ನನಗ?"

"ಪಾಸಾಗೀರಿ. ಅದಕ್ಕೇ ನಿಮ್ಮನ್ನ ಬಿಡಂಗಿಲ್ಲ."

ಒಳಗೆ ಖಾಜಾ ಹುಸೇನರ ಕೈಯ ಸದ್ದು ನಿಂತಿತ್ತು. ವೈದ್ಯರು ಉಳಿದ ಮೂರು ಕಾರ್ಡುಗಳಿಗೂ ತಾಳ್ಮೆಯಿಂದ ಗುರುತು ಹಾಕಿ, ದಿನವಿಡೀ ಕುಳಿತು ನೋಡಲು ನನಗೊಂದು ಕುರ್ಚಿ ಹಾಕಿಸಿದರು. ಮಧ್ಯಾಹ್ನ ಒಬ್ಬ ತಾಯಿ ಮಗಳನ್ನು ಕರೆತಂದು, ಮದುವೆಯ ಮಾತು ನಡೆದಿದೆ, ಕಲೆ ತೆಗೆಯಿರಿ ಎಂದು ಗೋಗರೆದಳು. ಅವರು ಮುಟ್ಟಲಿಲ್ಲ. ಆಕೆ ಸಿಟ್ಟಾಗಿ ಬೇರೆ ಡಾಕ್ಟರಿದ್ದಾರೆ ಎಂದು ಹೊರಟುಹೋದಳು. ಅದನ್ನು ಕೈಯ ಹಾಳೆಯಲ್ಲಿ ಬರೆದಿದ್ದೇನೆ. ಬೇರೆಯವರಿಗೆ ಅದನ್ನು ತೋರಿಸಲಿಲ್ಲ.

ಸೆಪ್ಟೆಂಬರ್ ಇಪ್ಪತ್ತೆರಡು, ಭಾನುವಾರ. ಒಂದು ಕಲ್ಯಾಣ ಮಂಟಪದ ಮೇಲ್ಮಹಡಿಯಲ್ಲಿ ಸುತ್ತಲಿನ ದಂತವೈದ್ಯರೆಲ್ಲ ಸೇರಿದ್ದರು. ಅಧ್ಯಯನ ಹೇಳಿದ್ದನ್ನು ಅವರ ಮುಂದೆ ಇಡುವುದಾಗಿ ನಾನು ಮೊದಲೇ ಒಪ್ಪಿಕೊಂಡಿದ್ದೆ. ಪಂಚಾಕ್ಷರಯ್ಯನವರು ಹಿರಿಯರೆಂದು ಮೊದಲ ಸಾಲಿನಲ್ಲಿ ಕುಳಿತಿದ್ದರು. ಮದುವೆ ಮತ್ತು ಜೊತೆಯಲ್ಲಿ ಬಂದವರ ಒತ್ತಾಯ ನಮ್ಮ ಸೀಮೆಯ ವೈದ್ಯರ ಕೈಯನ್ನು ಹೇಗೆ ನಡೆಸುತ್ತವೆ ಎಂದು ವಿವರಿಸಿದೆ. ಕೊನೆಗೆ ಪರದೆಯ ಮೇಲೆ ನಾಲ್ಕು ಹಲ್ಲುಗಳು ಮೂಡಿದವು. ಎಡಕ್ಕೆ ಬರೆದಿತ್ತು: ೧೯೮೭, ಹೆಣ್ಣು ನೋಡುವ ಮುನ್ನ ಕಿತ್ತದ್ದು. ಬಲಕ್ಕೆ: ೨೦೧೯, ಮುಟ್ಟಬಾರದು.

"ಎರಡೂ ತೀರ್ಮಾನ ಒಬ್ಬರೇ ವೈದ್ಯರದು," ಎಂದೆ. "ಈ ಊರಿನ ಹಿರಿಯರು. ಹೆಸರು ಹೇಳುವುದು ಅಧ್ಯಯನದ ನಿಯಮಕ್ಕೆ ವಿರುದ್ಧ."

ಹೇಳಬೇಕಾಗಿಯೇ ಇರಲಿಲ್ಲ. ೧೯೮೭ರಲ್ಲಿ ಈ ಊರಿನಲ್ಲಿ ಹಲ್ಲು ಕೀಳುವ ಪದವೀಧರ ವೈದ್ಯರು ಎಷ್ಟು ಮಂದಿ ಇದ್ದರೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಹಿಂದಿನ ಸಾಲಿನಿಂದ ಯಾರೋ, "ಲೇಟಾದ್ರೂ ಬುದ್ಧಿ ಬಂತಲ್ಲ," ಎಂದರು. ನಗು ಹಿಂದಿನಿಂದ ಮುಂದಕ್ಕೆ, ಗಾಳಿಗೆ ಜೋಳದ ಹೊಲ ತೊನೆದಂತೆ ಸಾಲುಸಾಲಾಗಿ ಬಂತು. ಆ ನಗು ಮೊದಲ ಸಾಲನ್ನು ತಲುಪಿದ ಗಳಿಗೆಯನ್ನು ನಾನು ಬೆಲ್ಲದ ತುಣುಕಿನಂತೆ ವರ್ಷಗಟ್ಟಲೆ ಬಾಯಲ್ಲಿಟ್ಟುಕೊಂಡು ಚಪ್ಪರಿಸಿದ್ದೇನೆ. ಅದನ್ನು ಮುಚ್ಚಿಡುವುದಿಲ್ಲ.

ಪಂಚಾಕ್ಷರಯ್ಯನವರು ಎದ್ದು ನಿಂತರು. "ಮೇಡಂ ಹೇಳಿದ್ದು ಖರೇ ಐತಿ. ಕಿತ್ತಾತ ನಾನೇ. ಕೀಳಬಾರದಿತ್ತು." ಅಷ್ಟೇ ಹೇಳಿ ಕುಳಿತರು. ಊಟಕ್ಕೂ ನಿಂತರು. ಪಂಕ್ತಿಯಲ್ಲಿ ಅವರ ಎಡಬಲದ ಎಲೆಗಳು ಖಾಲಿ ಉಳಿದದ್ದನ್ನು ನಾನು ಎದುರಿನ ಸಾಲಿನಿಂದ ನೋಡಿದೆ.

ಆ ಸಂಜೆ ಪಾರ್ವತಿಗೆ ಫೋನ್ ಮಾಡಿದೆ.

"ನಿನ್ನ ಹಲ್ಲಿನ ಲೆಕ್ಕ ಇವತ್ತು ಚುಕ್ತಾ ಆತು ಪಾರೂ. ನೂರಾರು ಕಣ್ಣಿನ ಎದುರಿಗೆ ಒಪ್ಪಿಕೊಂಡ."

ಆಕೆ ಕೇಳಿದಳು: "ಡಾಕ್ಟ್ರು ಬ್ಯಾರೆ ಏನೂ ಹೇಳಲಿಲ್ಲೇನು?"

"ಹೇಳಾಕ ಏನೈತಿ ಅವನ ಹತ್ರ?"

"ಹ್ಞೂಂ," ಎಂದಳು. "ಊಟ ಆತೇನಕ್ಕ?"

ಮಾತು ಊರೆಲ್ಲ ಹರಡಿತು. ಗಟ್ಟಿ ಹಲ್ಲು ಕೀಳುವ ಡಾಕ್ಟರು ಎಂಬ ಹೆಸರು ಅವರ ಕ್ಲಿನಿಕ್ಕಿನ ಬಾಗಿಲಿಗೆ ಅಂಟಿತು. ಮರುವರ್ಷದ ಜನವರಿಯಲ್ಲಿ ಅವರು ಕ್ಲಿನಿಕ್ ಮುಚ್ಚಿದರು. ಆ ವರ್ಷ ಪಂಚಮಿಗೆ ಪಾರ್ವತಿ ಬರಲಿಲ್ಲ. ಲಾಕ್‌ಡೌನ್ ಕಾರಣ ಎಂದು ದಿನಚರಿಯಲ್ಲಿ ಬರೆದಿದ್ದೇನೆ. ಕಳೆದ ವರ್ಷ ನಾನು ನಿವೃತ್ತಳಾಗಿ ಆದೋನಿಗೆ ಮರಳಿದ ತಿಂಗಳಲ್ಲೇ ಪಂಚಾಕ್ಷರಯ್ಯನವರು ತೀರಿಕೊಂಡರು. ನಾನು ಮಣ್ಣಿಗೆ ಹೋಗಲಿಲ್ಲ.

ನನಗೆ ನೆನಪಿದ್ದ ಮಳೆಗಾಲ ಇಲ್ಲಿಗೆ ಮುಗಿಯುತ್ತದೆ.

ಇನ್ನು ಜುಲೈ ಮೂವತ್ತರ ಬುಧವಾರ. ಖಾಜಾ ಹುಸೇನರು ಮುರಿದ ಹೋಳುಗಳನ್ನು ಜೋಡಿಸಿ, ಸೀಳಿನಲ್ಲಿ ಗುಲಾಬಿ ಹಿಟ್ಟು ತುಂಬುತ್ತಿದ್ದರು. ಪಾರ್ವತಿ ಬೆಂಚಿನ ಮೇಲೆ ಸೆರಗಿನಿಂದ ಬಾಯಿ ಮುಚ್ಚಿ ಕುಳಿತಿದ್ದಳು. ಆಕೆಯನ್ನು ಹಾಗೆ ನೋಡಿ ನನ್ನ ಹಳೆಯ ಸಿಟ್ಟು ಎದ್ದಿತು.

"ಕಿತ್ತಾತ ಹೋದ. ಪ್ಲೇಟ್ ಹೊರೋದು ಮಾತ್ರ ಈಕಿ ಪಾಲಿಗೆ ಉಳೀತು ನೋಡ್ರಿ ಖಾಜಾಸಾಬ್," ಎಂದೆ.

ಅವರ ಕೈ ನಿಂತಿತು. ಪ್ಲೇಟನ್ನು ಬಿಸಿನೀರಿನ ಬಟ್ಟಲಲ್ಲಿಟ್ಟು, ಕೈ ಒರೆಸಿಕೊಂಡು, ನನ್ನ ಕಡೆ ನೋಡದೆ ಪಾರ್ವತಿಗೆ ಹೇಳಿದರು: "ತಂಗೀ, ಡಾಕ್ಟ್ರು ಹೋದಮ್ಯಾಲೆ ಹಳೇ ರಿಜಿಸ್ಟರೆಲ್ಲಾ ನನ್ನ ಹತ್ರಾನೇ ಅದಾವ. ಆ ಮೀಟಿಂಗ್ ಆದ ದಿನ ನಾನು ಒಂದನ್ನ ತಗೊಂಡು ಹೊಂಟಿದ್ದೆ, ಈ ಅಕ್ಕಾರ ಮುಖದ ಮುಂದ ಹಿಡೀಬೇಕಂತ. ಡಾಕ್ಟ್ರು ಬೈದು ಕಸಗೊಂಡ್ರು. ಪೇಶೆಂಟ್ ಮಾತು ಪೇಶೆಂಟ್ ಕೇಳದ ಹೊರಗ ಹೋಗಬಾರ್ದು ಖಾಜಾ, ಅಂದ್ರು. ಇವತ್ತು ಪೇಶೆಂಟೇ ಎದುರಿಗೆ ಕುಂತಾಳ. ನೀ ಹ್ಞೂಂ ಅಂದ್ರ ತೋರಸ್ತೀನಿ. ಇಲ್ಲಾಂದ್ರ ಮುಚ್ಚಿ ಇಡ್ತೀನಿ."

ಪಾರ್ವತಿ ಬಟ್ಟಲಿನ ನೀರನ್ನೇ ನೋಡುತ್ತಿದ್ದಳು.

"ತೋರ್ಸಣ್ಣ," ಎಂದಳು, ಸೆರಗಿನೊಳಗಿಂದಲೇ. "ನಮ್ಮಕ್ಕ ತಾರೀಖು ನೋಡದ ಯಾವುದೂ ನಂಬಂಗಿಲ್ಲ."

ಉದ್ದನೆಯ ರಿಜಿಸ್ಟರು. ಖಾಜಾ ಹುಸೇನರು ಪುಟ ತೆರೆದು ನನ್ನ ಮಡಿಲಿಗಿಟ್ಟರು. ಓದಿದೆ. ಮತ್ತೊಮ್ಮೆ ಓದಿದೆ. ತಲೆಯೆತ್ತಿದಾಗ ಪಾರ್ವತಿ ನನ್ನನ್ನೇ ನೋಡುತ್ತಿದ್ದಳು.

"ಬಾಯಿ ಮುಚ್ಚಿಕೊಂಡು ನಕ್ಕು ನಕ್ಕು ಸಾಕಾಗಿತ್ತಕ್ಕ. ಹತ್ತೊಂಬತ್ತು ವರ್ಷ. ನೋಡಾಕ ಬಂದೋರು ಒಪ್ಪಿದ್ರು, ನನ್ನ ಹಲ್ಲಿನ ಸಮೇತ. ನನಗ ಒಪ್ಪಿಗಿ ಇದ್ದಿಲ್ಲ. ಮದುವ್ಯಾಗ ಬಾಯಿ ತುಂಬ ನಗಬೇಕಂತ ಇತ್ತು. ಬಸ್ ಹತ್ತಿ ಒಬ್ಬಾಕೀನ ಬಂದೆ."

"ಅಜ್ಜಿ..."

"ಅಜ್ಜಿಗೆ ಆಮ್ಯಾಲೆ ಗೊತ್ತಾತು. ಎದೀ ಬಡಕೊಂಡ್ಲು. ಲಗ್ನ ಕೂಡಿದ ಹುಡುಗಿ ತಾನೇ ಹೋಗಿ ಹಲ್ಲು ಕೀಳಿಸಿಕೊಂಡ್ಲು ಅಂದ್ರ ಬೀಗರು ಏನಂದಾರು, ಯಾರು ಕೇಳಿದ್ರೂ ಅಜ್ಜಿ ಕರಕೊಂಡು ಹೋಗಿದ್ಲು ಅನ್ನು, ನೋಡಾಕ ಬರೋಕಿಂತ ಮೊದ್ಲ ಅನ್ನು ಅಂದ್ಲು. ನಿನಗೂ ಹಂಗ ಹೇಳಿದ್ಲು."

"ನೀ ನಂತರ ಹೇಳಬಹುದಿತ್ತಲ್ಲ. ಮೂವತ್ತೆಂಟು ವರ್ಷ."

"ಯಾವಾಗ ಹೇಳ್ಲಿ? ನೀ ಬಂದ ದಿನಾನ ಹಲ್ಲು ಕೈಯಾಗ ಹಿಡಕೊಂಡು ಅತ್ತಿ. ಆಮ್ಯಾಲೆ ಅದರ ಮ್ಯಾಲೇ ಓದಿದಿ, ಅದರ ಮ್ಯಾಲೇ ಪ್ರೊಫೆಸರ್ ಆದಿ. ನನ್ನ ಹಲ್ಲಿಗಿಂತ ನಿನ್ನ ಸಿಟ್ಟು ಗಟ್ಟಿ ಇತ್ತಕ್ಕ, ಕೀಳಾಕ ನನಗ ಧೈರ್ಯ ಸಾಲಲಿಲ್ಲ." ಆಮೇಲೆ, "ಡಾಕ್ಟ್ರು ನನ್ನ ಹೆಸರು ಹೇಳಿಬಿಟ್ಟಿರ್ತಾರ ಅಂತ ಆವತ್ತು ನಿನ್ನ ಫೋನಿನ್ಯಾಗ ಕಾದೆ. ಹೇಳಲಿಲ್ಲ," ಎಂದಳು.

ಖಾಜಾ ಹುಸೇನರು ನೀರಿನಿಂದ ಪ್ಲೇಟನ್ನೆತ್ತಿ, ಸೀಳನ್ನು ಉಜ್ಜಿ ನುಣುಪು ಮಾಡಿ, ಆಕೆಯ ಕೈಗೆ ಕೊಟ್ಟರು. ಪಾರ್ವತಿ ಆ ಕಡೆ ತಿರುಗಿ ಅದನ್ನು ಕೂರಿಸಿಕೊಂಡು, ಈ ಕಡೆ ತಿರುಗಿ, ಸರಿಯಾಯಿತೇ ಎಂದು ನೋಡಲು ಅಲ್ಲಿದ್ದ ಕನ್ನಡಿಗೆ ಬಾಯಿ ತುಂಬ ನಕ್ಕಳು.

ನನ್ನ ಹಗೆ ಕರಗಿತೆಂದು ಬರೆದರೆ ಸುಳ್ಳಾಗುತ್ತದೆ. ಹತ್ತೊಂಬತ್ತರ ಹುಡುಗಿ ಮೂರನೆಯ ಸಲ ಬಂದಾಗಲೂ ಗಟ್ಟಿ ಹಲ್ಲುಗಳನ್ನು ಕೀಳಲು ವೈದ್ಯನೊಬ್ಬ ಒಪ್ಪಬಾರದಿತ್ತು ಎಂದು ಇಂದಿಗೂ ನಂಬುತ್ತೇನೆ. ಅವರೂ ಹಾಗೆಯೇ ನಂಬಿದ್ದರು, ಅಷ್ಟು ಜನರ ಎದುರು ಹಾಗೆಂದು ಹೇಳಿಯೇ ಕುಳಿತರು. ಆದರೆ ಅವರನ್ನು ನಗೆಗೀಡು ಮಾಡಿದ ಆ ಪರದೆಯ ಎಡಬದಿಯ ಸಾಲನ್ನು ಬರೆದವಳು ನಾನು. ಅದಕ್ಕೆ ನನ್ನ ಬಳಿ ಅಜ್ಜಿಯ ಮಾತಿನ ಹೊರತು ಬೇರೆ ಆಧಾರವಿರಲಿಲ್ಲ.

ಮನೆಗೆ ಬಂದು ಟ್ರಂಕಿನ ತಳದಿಂದ ಪಾರ್ವತಿಯ ಲಗ್ನಪತ್ರಿಕೆಯನ್ನು ತೆಗೆದೆ. ಅದು ಇಷ್ಟು ವರ್ಷವೂ ನನ್ನ ಬಳಿಯೇ ಇತ್ತು. ಕಂಡ ದಿನಾಂಕಗಳನ್ನೆಲ್ಲ ತಾಳೆ ನೋಡುವ ನಾನು ಇದೊಂದನ್ನು ತೆರೆದಿರಲಿಲ್ಲ. ಹೆಣ್ಣನ್ನು ನೋಡಿ ಒಪ್ಪಿ, ಎರಡೂ ಕಡೆಯವರು ನಿಶ್ಚಯ ಮಾಡಿಕೊಂಡದ್ದು ೧೯೮೭ರ ಏಪ್ರಿಲ್ ೧೯, ಭಾನುವಾರ.

ರಿಜಿಸ್ಟರಿನಲ್ಲಿ ಮೂರು ದಾಖಲೆಗಳಿವೆ. ಏಪ್ರಿಲ್ ೨೦, ಸೋಮವಾರ: ನೀರಿನ ಕಲೆ, ಹುಳುಕಿಲ್ಲ, ತಿಳಿಹೇಳಿ ಕಳಿಸಿದೆ. ಏಪ್ರಿಲ್ ೨೩, ಗುರುವಾರ: ಮತ್ತೆ ಬಂದಳು, ಕಳಿಸಿದೆ. ಏಪ್ರಿಲ್ ೨೭, ಸೋಮವಾರ: ಮೇಲಿನ ಮುಂದಿನ ನಾಲ್ಕು ಹಲ್ಲು ತೆಗೆದೆ. ಇವು ವೈದ್ಯರ ಕೈಬರಹ. ಕೊನೆಯದರ ಕೆಳಗಿನ ಎರಡು ಸಾಲು ಅವರದಲ್ಲ. ಪೆದ್ದಕಡುಬೂರಿನಲ್ಲಿ ತೆಲುಗು ಶಾಲೆಗೆ ಹೋದ ನನ್ನ ತಂಗಿ ಇಂದಿಗೂ ಕನ್ನಡವನ್ನು ತೆಲುಗು ಅಕ್ಷರಗಳಲ್ಲೇ ಬರೆಯುತ್ತಾಳೆ. ನನಗೆ ಬರುತ್ತಿದ್ದ ಕಾಗದಗಳೆಲ್ಲ ಹಾಗೆಯೇ ಇರುತ್ತಿದ್ದವು. ಆದ್ದರಿಂದ ಬರೆದವರು ಯಾರೆಂಬುದರಲ್ಲಿ ಸಂಶಯವಿಲ್ಲ. ಅಕ್ಷರಗಳು ನೆಟ್ಟಗಿವೆ, ಕೈ ನಡುಗಿಲ್ಲ: "ಡಾಕ್ಟರು ಎರಡು ಸಲ ಬ್ಯಾಡ ಅಂದಾರ, ನಾನಾಗೇ ಕೇಳಿ ಕೀಳಿಸಿಕೊಳ್ತೀನಿ. ನನ್ನ ಜೊತಿ ಯಾರೂ ಬಂದಿಲ್ಲ."